ಜೂನ್ ತಿಂಗಳ ನೀಲಿ ಪರದೆ

ಪ್ರತಿ ವರ್ಷ ಜೂನ್ ತಿಂಗಳಲ್ಲಿ, ಬೇಸಿಗೆ ರಜೆ ಮುಗಿದು ಶಾಲೆಗಳ ಬಾಗಿಲು ತೆರೆದ ಕೂಡಲೆ, ಮಹಾರಾಷ್ಟ್ರದ ಗಡಿಯ ನಮ್ಮ ಜತ್ತ ತಾಲೂಕಿನ ಕಡೆ ಹಳೆಯ ಕಂಪ್ಯೂಟರುಗಳು ಒಂದರ ಹಿಂದೊಂದು ಕೈಕೊಡುತ್ತವೆ. ಏಪ್ರಿಲ್ ಕೊನೆಗೆ ನಿಕಾಲಿನ, ಅಂದರೆ ಫಲಿತಾಂಶದ, ಪಟ್ಟಿ ಮುದ್ರಿಸಿಕೊಟ್ಟ ಯಂತ್ರ ಅದೇ. ಬೀಗ ಹಾಕಿದ ಕೋಣೆಯಲ್ಲಿ ಯಾರೂ ಮುಟ್ಟಿಲ್ಲ. ಜೂನ್‌ನಲ್ಲಿ ಗುಂಡಿ ಒತ್ತಿದರೆ ವಿಂಡೋಸ್ ಲಾಂಛನ ಒಂದು ಕ್ಷಣ ಬರುತ್ತದೆ, ನೀಲಿ ಪರದೆ ಮಿಂಚಿ ಮಾಯವಾಗುತ್ತದೆ, ಯಂತ್ರ ತಾನೇ ಮತ್ತೆ ಚಾಲೂ ಆಗುತ್ತದೆ, ಮತ್ತೆ ಲಾಂಛನ, ಮತ್ತೆ ನೀಲಿ. ನೋಡಿದವರು ಹೇಳುವುದು ಒಂದೇ: "ಹಾರ್ಡ್ ಡಿಸ್ಕ್ ಹೋಗೇದ್ರಿ, ಫಾರ್ಮ್ಯಾಟ್ ಹೊಡೀಬೇಕು."

ಉಮದಿಯಲ್ಲಿ ಕೂತು ಇಂಥ ಯಂತ್ರಗಳನ್ನು ಬಿಚ್ಚಿ ಜೋಡಿಸುವ ಕೆಲಸ ನನ್ನದು. ಈ ತೀರ್ಪು ಬಹಳ ಸಲ ಸುಳ್ಳು ಎಂದು ಹೇಳುವುದಕ್ಕೇ ಇವತ್ತು ಬಂದಿದ್ದೇನೆ. ಡಿಸ್ಕ್ ಚೆನ್ನಾಗಿರುತ್ತದೆ, ಒಳಗಿನ ಕಡತವೂ ಹಾಗೇ ಇರುತ್ತದೆ. ಕೆಟ್ಟಿರುವುದು ಡಿಸ್ಕಿಗೂ ವಿಂಡೋಸಿಗೂ ನಡುವಿನ ಹೊಂದಾಣಿಕೆ. ಹೊಂದಾಣಿಕೆ ಕೆಟ್ಟದ್ದಕ್ಕೆ ಫಾರ್ಮ್ಯಾಟ್ ಹೊಡೆದರೆ ಸುಮ್ಮಸುಮ್ಮನೆ ದಾಖಲೆ ಕಳೆದುಕೊಂಡಂತೆ.

ನಮ್ಮ ಭಾಗದಲ್ಲಿ ಹಳೆಯ ಯಂತ್ರಗಳು ಇಷ್ಟೊಂದು ಯಾಕೆ ಉಳಿದಿವೆ ಎಂಬುದನ್ನು ಮೊದಲು ಹೇಳುತ್ತೇನೆ. 2001ರಲ್ಲಿ ಮಹಾರಾಷ್ಟ್ರದಲ್ಲಿ ಎಂಎಸ್-ಸಿಐಟಿ ಎಂಬ ಕಂಪ್ಯೂಟರ್ ಪರೀಕ್ಷೆ ಶುರುವಾಯಿತು. ಸರ್ಕಾರಿ ನೌಕರಿಗೆ ಆ ಪ್ರಮಾಣಪತ್ರ ಬೇಕು ಅಂದಾಗ ಸಣ್ಣ ಪೇಟೆಗಳಲ್ಲೂ ಕಲಿಕಾ ಕೇಂದ್ರಗಳು ಎದ್ದವು. ಕೇಂದ್ರಗಳು ಹೊಸ ಯಂತ್ರ ಕೊಂಡಾಗ ಹಳೆಯವು ಶಾಲೆಗೆ, ಪತ್ತಿನ ಸಂಸ್ಥೆಗೆ, ಝೆರಾಕ್ಸ್ ಅಂಗಡಿಗೆ ಹೋದವು. ಕಚೇರಿಗಳಲ್ಲಿ ನಾಲ್ಕೈದು ವರ್ಷ ದುಡಿದು ಸೆಕೆಂಡ್ ಹ್ಯಾಂಡ್ ಪೇಟೆಗೆ ಬಂದ ಯಂತ್ರಗಳು ಸೋಲಾಪುರ, ವಿಜಯಪುರದ ದಾರಿಯಲ್ಲಿ ಇಲ್ಲಿಗೆ ಬಂದು ಎರಡನೆಯ ಆಯುಷ್ಯ ಆರಂಭಿಸಿದವು. ಇನ್ನೊಂದು ಕಾರಣ ಕನ್ನಡದ್ದು. ನಮ್ಮಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಅಲ್ಲಿ ವರ್ಷಗಳಿಂದ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಟ್ಟ ಪ್ರಶ್ನೆಪತ್ರಿಕೆಗಳಿವೆ. ಡಿಟಿಪಿ ಅಂಗಡಿಗಳಲ್ಲಿ ಶ್ರೀಲಿಪಿಯಲ್ಲಿ ಕಟ್ಟಿದ ಮದುವೆ ಪತ್ರಿಕೆ, ಸಪ್ತಾಹದ ಕರಪತ್ರ, ಭಜನೆ ಪುಸ್ತಕಗಳ ಕಡತಗಳಿವೆ. ಎಲ್ಲವೂ ಯೂನಿಕೋಡ್ ರೂಢಿಗೆ ಬರುವ ಮುಂಚಿನ ಅಕ್ಷರ ಸಂಕೇತಗಳಲ್ಲಿ. ಕೆಲವು ಡಿಟಿಪಿ ತಂತ್ರಾಂಶಗಳಿಗೆ ಯಂತ್ರದ ಹಿಂದೆ, ಪ್ರಿಂಟರ್ ಕೇಬಲ್ ಸಿಕ್ಕಿಸುವ ಇಪ್ಪತ್ತೈದು ರಂಧ್ರದ ಪೋರ್ಟಿಗೆ, ಹೆಬ್ಬೆರಳಿನಷ್ಟು ದಪ್ಪದ ಡಾಂಗಲ್ ಬೇಕು. ಆ ಪೋರ್ಟು ಈಗಿನ ಯಂತ್ರಗಳಲ್ಲಿಲ್ಲ. ಹೊಸದು ಕೊಳ್ಳಲು ದುಡ್ಡಿದ್ದವರೂ ಹಳೆಯದನ್ನು ಬಿಡಲಾರರು.

ಈಗ ಜೂನ್ ತಿಂಗಳ ರೋಗಕ್ಕೆ ಬರೋಣ.

ಒಂದು ಶಾಲೆಯ ಯಂತ್ರ ನನ್ನ ಮೇಜಿಗೆ ಬಂತು. ವಿಂಡೋಸ್ 7, ಸುಮಾರು 2010ರ ಕಾಲದ ಬೋರ್ಡು. ಜೊತೆಗೆ ಬಂದ ಹೆಡ್‌ಮಾಸ್ತರರು ಕುರ್ಚಿಯಲ್ಲಿ ಕೂರಲೇ ಇಲ್ಲ. "ತಮ್ಮಾ, ಹುಡುಗರ ದಾಖಲಾ ಎಲ್ಲಾ ಇದರಾಗ ಅದಾವು. ಇನ್ನೊಬ್ಬರು ಫಾರ್ಮ್ಯಾಟ್ ಮಾಡ್ತೀನಿ ಅಂದ್ರು, ನಾ ಬ್ಯಾಡ ಅಂದೆ" ಎಂದರು. ಅವರು ಬೇಡ ಅಂದದ್ದೇ ಒಳ್ಳೆಯದಾಯಿತು. ಯಂತ್ರ ಹಚ್ಚಿದ ಕೂಡಲೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಒಂದು ಸಾಲು: ಸಿಮಾಸ್ ಚೆಕ್‌ಸಮ್ ತಪ್ಪಾಗಿದೆ, ಮೂಲ ಸೆಟ್ಟಿಂಗ್ ಹಾಕಿದ್ದೇನೆ, ಮುಂದುವರಿಯಲು ಎಫ್1 ಒತ್ತಿ. ಶಾಲೆಯಲ್ಲಿ ಎಲ್ಲರೂ ಅದನ್ನು ಓದದೆ ಎಫ್1 ಒತ್ತುತ್ತಿದ್ದರು. ರೋಗದ ಹೆಸರು ಆ ಸಾಲಿನಲ್ಲೇ ಇತ್ತು.

ಮುಂದೆ ವಿಂಡೋಸ್ ಶುರುವಾಗುವ ಮುನ್ನ ಎಫ್8 ಒತ್ತಿ, ದೋಷ ಬಂದರೂ ತಾನೇ ರೀಸ್ಟಾರ್ಟ್ ಆಗಬಾರದು ಎಂಬ ಆಯ್ಕೆ ಆರಿಸಿದೆ. ನೀಲಿ ಪರದೆ ನಿಂತಿತು. ಅದರ ಮೇಲೆ ಸೊನ್ನೆಗಳ ಉದ್ದ ಸಾಲಿನ ಕೊನೆಗೆ 7ಬಿ. ರಿಪೇರಿ ಮಾಡುವವರು ಬಾಯಿಪಾಠ ಇಟ್ಟುಕೊಳ್ಳಬೇಕಾದ ಸಂಖ್ಯೆ ಇದು. ಯಾವ ಡಿಸ್ಕಿನಿಂದ ನಾನು ಏಳಬೇಕೋ ಆ ಡಿಸ್ಕ್ ನನ್ನ ಕೈಗೆ ಸಿಗುತ್ತಿಲ್ಲ ಎಂದು ವಿಂಡೋಸ್ ಹೇಳುತ್ತಿದೆ.

ಇಲ್ಲೊಂದು ಒಗಟು ಇದೆ. ಲಾಂಛನದ ಚಿತ್ರ ಎಲ್ಲಿಂದ ಬಂತು? ಅದೂ ಡಿಸ್ಕಿನಿಂದಲೇ ತಾನೆ? ಡಿಸ್ಕ್ ಸಿಗುತ್ತಿಲ್ಲ ಅನ್ನುವ ಸಂದೇಶ ಬಂದದ್ದು ಡಿಸ್ಕಿನಿಂದಲೇ ಓದಿಕೊಂಡ ವಿಂಡೋಸಿನಿಂದ.

ಕಂಪ್ಯೂಟರ್ ಡಿಸ್ಕನ್ನು ಎರಡು ಹಂತದಲ್ಲಿ ಓದುತ್ತದೆ ಎಂದು ತಿಳಿದರೆ ಒಗಟು ಬಿಡಿಸಿಕೊಳ್ಳುತ್ತದೆ. ಗುಂಡಿ ಒತ್ತಿದ ಕೂಡಲೆ ಏಳುವುದು ಬಯಾಸ್. ಮದರ್‌ಬೋರ್ಡಿನ ಒಂದು ಚಿಪ್ಪಿನಲ್ಲಿ ಕಾರ್ಖಾನೆಯವರೇ ಬರೆದಿಟ್ಟ ತಂತ್ರಾಂಶ ಅದು. ಹೀಗೆ ಯಂತ್ರಾಂಶದೊಳಗೇ ಕೂತಿರುವ ತಂತ್ರಾಂಶಕ್ಕೆ ಫರ್ಮ್‌ವೇರ್ ಅನ್ನುತ್ತಾರೆ. ಡಿಸ್ಕನ್ನು ಓದುವ ಒಂದು ಸರಳ ದಾರಿ ಬಯಾಸ್ ಬಳಿ ಇದೆ. ವಿಂಡೋಸಿನ ಮೊದಲ ತುಂಡುಗಳು, ಅಂದರೆ ಲೋಡರ್, ಕರ್ನಲ್ ಮತ್ತು ಆರಂಭಕ್ಕೆ ಬೇಕಾದ ಡ್ರೈವರುಗಳು, ಈ ದಾರಿಯಲ್ಲೇ ಮೆಮೊರಿಗೆ ಬರುತ್ತವೆ. ಕರ್ನಲ್ ಎದ್ದು ನಿಂತ ಮೇಲೆ ಬಯಾಸಿನ ಸಹಾಯ ಬಿಟ್ಟು ತನ್ನದೇ ಡ್ರೈವರ್ ಮೂಲಕ ಡಿಸ್ಕ್ ನಡೆಸುವ ಕಂಟ್ರೋಲರ್ ಚಿಪ್ಪನ್ನು ಹಿಡಿಯುತ್ತದೆ. ಈ ಹಸ್ತಾಂತರದ ಹೊತ್ತಿನಲ್ಲಿ ಸರಿಯಾದ ಡ್ರೈವರ್ ಇಲ್ಲದಿದ್ದರೆ ಕರ್ನಲ್ಲಿಗೆ ಡಿಸ್ಕ್ ಕಾಣುವುದಿಲ್ಲ. ಆಗ 7ಬಿ.

ಆದ್ದರಿಂದ ಮೊದಲ ಪಾಠ: ಲಾಂಛನ ಕಾಣಿಸಿ ಆಮೇಲೆ 7ಬಿ ಬಂದರೆ ಡಿಸ್ಕ್ ಸತ್ತಿದೆ ಅನ್ನಬೇಡಿ. ಅದು ಈಗಷ್ಟೇ ಕೆಲಸ ಮಾಡಿ ತೋರಿಸಿದೆ. ಕಡತದ ವ್ಯವಸ್ಥೆ ಕೆಟ್ಟರೂ, ವೈರಸ್ ಬಂದರೂ ಇದೇ ಸಂಖ್ಯೆ ಬರಬಹುದು ನಿಜ. ಆದರೆ ಮೊದಲು ನೋಡಬೇಕಾದದ್ದು ಕಂಟ್ರೋಲರ್ ಮತ್ತು ಡ್ರೈವರ್.

ಡ್ರೈವರ್ ಎಂಬ ಶಬ್ದ ಕೇಳಿ ಗಾಬರಿಯಾಗುವುದು ಬೇಡ. ನಮ್ಮ ಗಡಿಯ ಊರಿನವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ತಹಸೀಲ್ ಕಚೇರಿಯ ಕಾಗದ ಮರಾಠಿಯಲ್ಲಿ ಬರುತ್ತದೆ, ಮನೆಯಲ್ಲಿ ಅಜ್ಜನಿಗೆ ಕನ್ನಡ ಮಾತ್ರ ಗೊತ್ತು. ನಡುವೆ ಎರಡೂ ಬಲ್ಲ ಮೊಮ್ಮಗ ಬೇಕು, ಅವನೇ ಡ್ರೈವರ್. ಕಾಗದ ಮರಾಠಿ ಬಿಟ್ಟು ಇಂಗ್ಲಿಷಿನಲ್ಲಿ ಬಂದರೆ ಅದೇ ಮೊಮ್ಮಗ ಕೈಚೆಲ್ಲುತ್ತಾನೆ. ಆಗ ಕಾಗದವೂ ತಪ್ಪಲ್ಲ, ಅಜ್ಜನೂ ತಪ್ಪಲ್ಲ.

ಶಾಲೆಯ ಯಂತ್ರದಲ್ಲಿ ಆದದ್ದು ಇದೇ. ಸಾಟಾ ಎಂಬ ಜೋಡಣೆಯ ಡಿಸ್ಕ್ ಹಚ್ಚುವ ಆ ಕಾಲದ ಬೋರ್ಡುಗಳಲ್ಲಿ ಕಂಟ್ರೋಲರ್ ಎರಡು ಮೂರು ವೇಷ ಹಾಕಬಲ್ಲದು. ಒಂದು ಐಡಿಇ, ಹಳೆಯ ಕಾಲದ ರೀತಿ. ಇನ್ನೊಂದು ಎಎಚ್‌ಸಿಐ, ಇಂಟೆಲ್ ಮುಂದಾಳತ್ವದಲ್ಲಿ 2004ರಲ್ಲಿ ಬಂದ ಹೊಸ ರೀತಿ. ಕೆಲವದರಲ್ಲಿ ಮೂರನೆಯದಾಗಿ ರೇಡ್, ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸುವ ರೀತಿ. ಬಯಾಸಿನಲ್ಲಿ ವೇಷ ಬದಲಿಸಿದರೆ ಕಂಟ್ರೋಲರ್ ತನ್ನ ಗುರುತಿನ ಸಂಖ್ಯೆಯನ್ನೇ ಬೇರೆ ಹೇಳುತ್ತದೆ. ಚಿಪ್ಪು ಒಂದೇ, ವಿಂಡೋಸ್ ಪಾಲಿಗೆ ಮಾತ್ರ ಅದು ಬೇರೆ ಸಾಧನ, ಬೇರೆ ಡ್ರೈವರ್ ಬೇಕು. ವಿಂಡೋಸ್ 7ರ ಬಳಿ ಎರಡೂ ಡ್ರೈವರುಗಳಿವೆ. ಆದರೆ ಅನುಸ್ಥಾಪನೆಯ ಹೊತ್ತಿಗೆ ಯಾವುದು ಬೇಕಾಗಲಿಲ್ಲವೋ ಅದನ್ನು ಆರಂಭದ ಪಟ್ಟಿಯಿಂದ ತೆಗೆದುಬಿಡುತ್ತದೆ. ಸ್ವಲ್ಪ ಬೇಗ ಏಳಲಿ ಎಂಬ ಜಾಣತನ. ಆ ಜಾಣತನ ಎಷ್ಟು ಮಂದಿಯ ಕಣ್ಣೀರಿಗೆ ಕಾರಣವಾಗಿದೆಯೋ!

ವೇಷ ಬದಲಿಸಿದವರು ಯಾರು? ಯಾರೂ ಅಲ್ಲ, ಬೋರ್ಡಿನ ಮೇಲಿನ ಗುಂಡನೆಯ ಬ್ಯಾಟರಿ. ಸಿಆರ್ 2032 ಅನ್ನುತ್ತಾರೆ, ಮೂರು ವೋಲ್ಟ್, ಎರಡು ಸೆಂಟಿಮೀಟರ್ ಅಗಲ, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಬಯಾಸಿನ ಗಡಿಯಾರವನ್ನೂ, ಸಿಮಾಸ್ ಎಂಬ ಮೆಮೊರಿಯಲ್ಲಿರುವ ಸೆಟ್ಟಿಂಗುಗಳನ್ನೂ ಅದು ಕಾಯುತ್ತದೆ. ಗೋಡೆಯ ಪ್ಲಗ್ಗಿನಲ್ಲಿ ಕರೆಂಟ್ ಇರುವಷ್ಟು ಹೊತ್ತು, ಯಂತ್ರ ಬಂದ್ ಇದ್ದರೂ, ಪವರ್ ಸಪ್ಲೈ ಒಂದಿಷ್ಟು ವಿದ್ಯುತ್ ಹರಿಸುತ್ತಿರುವುದರಿಂದ ಬ್ಯಾಟರಿ ಸವೆಯುವುದಿಲ್ಲ. ಮೇನ್ ಸ್ವಿಚ್ ತೆಗೆದು ಬೀಗ ಹಾಕಿದರೆ ಭಾರವೆಲ್ಲ ಬ್ಯಾಟರಿಯ ಮೇಲೆ. ಹಳ್ಳಿಯ ಲೋಡ್‌ಶೆಡ್ಡಿಂಗ್ ವರ್ಷವಿಡೀ ಅದನ್ನು ಸವೆಸಿರುತ್ತದೆ, ರಜೆಯ ತಿಂಗಳು ಕೊನೆಯ ಪೆಟ್ಟು ಕೊಡುತ್ತದೆ. ಬ್ಯಾಟರಿ ಬರಿದಾದರೆ ಬಯಾಸ್ ಕಾರ್ಖಾನೆಯ ಸೆಟ್ಟಿಂಗಿಗೆ ಮರಳುತ್ತದೆ. ಈ ಬೋರ್ಡಿನ ಕಾರ್ಖಾನೆ ಸೆಟ್ಟಿಂಗ್ ಐಡಿಇ. ವಿಂಡೋಸ್ ಹಾಕಿದವರು ಎಎಚ್‌ಸಿಐಗೆ ಬದಲಿಸಿ ಹಾಕಿದ್ದರು. ಹೀಗೆ ಜೂನ್ ತಿಂಗಳ ನೀಲಿ ಪರದೆ ಹುಟ್ಟಿತು.

ಹೊಸ ಬ್ಯಾಟರಿ ಹಾಕಿದೆ. ಡಿಲೀಟ್ ಗುಂಡಿ ಒತ್ತಿ ಬಯಾಸ್ ಒಳಗೆ ಹೋದೆ. ತಾರೀಖು ಯಾವುದೋ ಹಳೆಯ ವರ್ಷದ ಜನವರಿ 1 ತೋರಿಸುತ್ತಿತ್ತು, ಸರಿಪಡಿಸಿದೆ. ಸಾಟಾ ಮೋಡ್ ಎಂಬ ಸಾಲಿಗೆ ಹೋಗಿ ಐಡಿಇ ಇದ್ದದ್ದನ್ನು ಎಎಚ್‌ಸಿಐ ಮಾಡಿ, ಎಫ್10 ಒತ್ತಿ ಉಳಿಸಿದೆ. ವಿಂಡೋಸ್ ಏನೂ ಆಗದವರ ಹಾಗೆ ತೆರೆದುಕೊಂಡಿತು. ಹೆಡ್‌ಮಾಸ್ತರರು ಆಗ ಕುರ್ಚಿಯಲ್ಲಿ ಕೂತರು. ಕಡತಗಳನ್ನು ಪೆನ್ ಡ್ರೈವಿಗೆ ಇಳಿಸಿಕೊಂಡೇ ಎದ್ದರು.

ಕಾರ್ಖಾನೆ ಸೆಟ್ಟಿಂಗ್ ಎಲ್ಲ ಬೋರ್ಡಿಗೂ ಒಂದೇ ಅಲ್ಲ. ಕಚೇರಿಗಳಿಂದ ಬಂದ ಕೆಲವು ಬ್ರ್ಯಾಂಡೆಡ್ ಯಂತ್ರಗಳು ಮರಳುವುದು ರೇಡ್‌ಗೆ. ಒಂದೇ ಡಿಸ್ಕ್ ಇದ್ದರೂ ರೇಡ್ ಯಾಕೆ ಎಂದು ಕೇಳಬೇಡಿ, ಹಾಗೆ ಮಾಡಿಟ್ಟಿದ್ದಾರೆ. ಯಾವುದು ಸರಿ ಎಂದು ಗೊತ್ತಾಗದಿದ್ದರೆ ಇರುವ ಎರಡು ಮೂರು ಮೋಡ್‌ಗಳನ್ನು ಒಂದೊಂದಾಗಿ ಹಚ್ಚಿ ನೋಡುವುದರಿಂದ ಡಿಸ್ಕಿನ ಕಡತಕ್ಕೆ ಅಪಾಯವಿಲ್ಲ. ಆದರೆ ನಿಜವಾಗಿಯೂ ಎರಡು ಡಿಸ್ಕ್ ಜೋಡಿಸಿ ರೇಡ್ ಕಟ್ಟಿದ ಯಂತ್ರವಾದರೆ ಕೈ ಹಾಕಬೇಡಿ, ಬಲ್ಲವರನ್ನು ಕೇಳಿ.

ಹೊಸದಾಗಿ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದ ಡಿಸ್ಕ್, ಹಾಕಿಸುವವರು ಐಡಿಇ ಮೋಡಿನಿಂದ ಎಎಚ್‌ಸಿಐಗೆ ಬರಬೇಕು ಅನ್ನುತ್ತಾರೆ. ಒಳ್ಳೆಯದೇ, ವೇಗ ಹೆಚ್ಚುತ್ತದೆ. ಆದರೆ ಮೊದಲು ವಿಂಡೋಸಿಗೆ ತಿಳಿಸಿ ಆಮೇಲೆ ಬಯಾಸ್ ಬದಲಿಸಬೇಕು. ವಿಂಡೋಸ್ 7ರಲ್ಲಿ ರಿಜಿಸ್ಟ್ರಿಯೊಳಗೆ ಎಂಎಸ್‌ಎಎಚ್‌ಸಿಐ ಎಂಬ ಸೇವೆಯ ಸ್ಟಾರ್ಟ್ ಬೆಲೆಯನ್ನು ಸೊನ್ನೆ ಮಾಡಿದರೆ ಸಾಕು. ವಿಂಡೋಸ್ 8 ಮತ್ತು 10ರಲ್ಲಿ ಒಮ್ಮೆ ಸೇಫ್ ಮೋಡಿಗೆ ಏಳುವಂತೆ ಹೇಳಿ, ನಡುವೆ ಬಯಾಸ್ ಬದಲಿಸಿದರೆ ಅದು ತಾನೇ ಡ್ರೈವರ್ ಎತ್ತಿಕೊಳ್ಳುತ್ತದೆ.

ವಿಂಡೋಸ್ ಎಕ್ಸ್‌ಪಿಯದು ಬೇರೆ ಪುರಾಣ. ಎಕ್ಸ್‌ಪಿ ಬಂದದ್ದು 2001ರ ಅಕ್ಟೋಬರ್‌ನಲ್ಲಿ. ಆಗ ಸಾಟಾ ಪೇಟೆಗೆ ಬಂದಿರಲಿಲ್ಲ, ಎಎಚ್‌ಸಿಐ ಹುಟ್ಟಿರಲಿಲ್ಲ. ಹುಟ್ಟದ ಸಾಧನಕ್ಕೆ ಡ್ರೈವರ್ ಎಲ್ಲಿಂದ ಬರಬೇಕು? ಅದಕ್ಕೇ ಎಕ್ಸ್‌ಪಿ ಸಿಡಿ ಹಾಕಿದಾಗ ಪರದೆಯ ತಳದಲ್ಲಿ ಕೆಲವೇ ಕ್ಷಣ ಒಂದು ಸಾಲು ಹಾಯುತ್ತಿತ್ತು, ಹೊರಗಿನ ಡ್ರೈವರ್ ಇದ್ದರೆ ಎಫ್6 ಒತ್ತಿ ಎಂದು. ಒತ್ತಿದರೆ ಅದು ಕೇಳುತ್ತಿದ್ದುದು ಫ್ಲಾಪಿ. ಸಿಡಿಯಲ್ಲಿಟ್ಟರೆ ಒಪ್ಪುವುದಿಲ್ಲ. ಅಂಗಡಿಯಲ್ಲಿ ಫ್ಲಾಪಿ ಮಾರುವುದು ನಿಂತ ಮೇಲೂ ಈ ಒಂದು ಕೆಲಸಕ್ಕಾಗಿ ಮೆಕ್ಯಾನಿಕ್‌ಗಳು ಫ್ಲಾಪಿ ಡ್ರೈವನ್ನು ಡ್ರಾಯರಿನಲ್ಲಿ ಜೋಪಾನ ಮಾಡಿದ್ದರು. ಬೇಸತ್ತವರು ಎನ್‌ಲೈಟ್ ಎಂಬ ಸಲಕರಣೆಯಿಂದ ಡ್ರೈವರನ್ನು ಸಿಡಿಯೊಳಗೇ ಬೆರೆಸಿ ಹೊಸ ಸಿಡಿ ಸುಡುತ್ತಿದ್ದರು. ಹೆಚ್ಚಿನವರು ಬಯಾಸಿನಲ್ಲಿ ಐಡಿಇ ಆರಿಸಿ ಕೈತೊಳೆದುಕೊಂಡರು. ನಮ್ಮ ಭಾಗದ ಹಳೆಯ ಯಂತ್ರಗಳು ಬಹಳಷ್ಟು ಐಡಿಇ ಮೋಡಿನಲ್ಲಿ ಉಳಿದಿರುವ ಗುಟ್ಟು ಇದು.

ಎಕ್ಸ್‌ಪಿ ಯಂತ್ರಕ್ಕೆ ದೊಡ್ಡ ಡಿಸ್ಕ್ ಹಾಕುವವರು ಮುಂದಿನ ಮಾತನ್ನು ಗಮನವಿಟ್ಟು ಕೇಳಬೇಕು, ಯಾಕೆಂದರೆ ಇದರಲ್ಲಿ ನಿಜವಾಗಿ ದಾಖಲೆ ಹಾಳಾಗುತ್ತದೆ. ಡಿಸ್ಕಿನ ಪ್ರತಿ ತುಣುಕಿಗೂ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆ ಬರೆಯಲು ಎಷ್ಟು ಅಂಕಿಯ ಜಾಗ ಇಟ್ಟಿದ್ದಾರೋ ಅಷ್ಟೇ ದೊಡ್ಡ ಡಿಸ್ಕ್ ಸಾಧ್ಯ. 1990ರ ದಶಕದ ಆರಂಭದ ಬಯಾಸುಗಳಿಗೆ 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್ ಮಾತ್ರ ಗೊತ್ತು, ಸೆಕ್ಟರಿಗೆ 512 ಬೈಟ್. ಗುಣಿಸಿದರೆ 52 ಕೋಟಿ 84 ಲಕ್ಷ ಬೈಟ್ ಚಿಲ್ಲರೆ. ಅದರಾಚೆಗಿನ ಜಾಗ ಇದ್ದೂ ಇಲ್ಲದ ಹಾಗೆ. ಮುಂದೆ ಬಂದ 28 ಬಿಟ್ ಲೆಕ್ಕದಲ್ಲಿ ಮಿತಿ 137 ಜಿಬಿಗೆ ಏರಿತು. 2002ರ ಎಟಿಎ-6 ನಿಯಮ 48 ಬಿಟ್ ಕೊಟ್ಟ ಮೇಲೆ ಆ ಗೋಡೆ ಬಿತ್ತು. ಆದರೆ ಎಕ್ಸ್‌ಪಿಯ ಮೊದಲ ಆವೃತ್ತಿ ಅದಕ್ಕೂ ಮುಂಚಿನದು. ಸರ್ವಿಸ್ ಪ್ಯಾಕ್ 1 ಬಂದ ಮೇಲೆಯೇ ಅದು 48 ಬಿಟ್ ಕಲಿತದ್ದು.

ಸರ್ವಿಸ್ ಪ್ಯಾಕ್ ಇಲ್ಲದ ಹಳೆಯ ಸಿಡಿಯಿಂದ ಎಕ್ಸ್‌ಪಿ ಹಾಕಿ, ಬೇರೆ ಯಂತ್ರದಲ್ಲಿ ವಿಭಾಗ ಮಾಡಿದ 250 ಜಿಬಿ ಡಿಸ್ಕ್ ಜೋಡಿಸಿದರೆ ಮೊದಲು ಎಲ್ಲವೂ ಚೆನ್ನಾಗಿ ನಡೆಯುತ್ತದೆ. ತಿಂಗಳುಗಟ್ಟಲೆ ನಡೆಯುತ್ತದೆ. ಡಿಸ್ಕ್ ತುಂಬುತ್ತ 137 ಜಿಬಿ ಗೆರೆ ದಾಟಿದ ದಿನ, ಸಂಖ್ಯೆಯ ಮೇಲಿನ ಅಂಕಿಗಳು ಕತ್ತರಿಸಿ ಹೋಗಿ, ಹೊಸ ಬರಹ ಡಿಸ್ಕಿನ ಆರಂಭದ ಜಾಗಕ್ಕೆ ಹೋಗಿ ಬೀಳುತ್ತದೆ. ಆರಂಭದಲ್ಲಿರುವುದು ವಿಂಡೋಸ್, ಕಡತಗಳ ಸೂಚಿ. ನೀವು ಉಳಿಸಿದ ಮದುವೆಯ ಫೋಟೋ ಆ ಸೂಚಿಯ ಮೇಲೇ ಬರೆಯಲ್ಪಡುತ್ತದೆ. ದೋಷದ ಸಂದೇಶ ಒಂದೂ ಬರುವುದಿಲ್ಲ. ಬಯಾಸ್, ಡ್ರೈವರ್, ಡಿಸ್ಕ್ ಮೂವರಲ್ಲಿ ಒಬ್ಬರು ಹಳಬರಾದರೂ ಇಂಥ ತೊಂದರೆ ಸಾಧ್ಯ. ನನ್ನ ಮಟ್ಟಿಗೆ ನೀಲಿ ಪರದೆಯೇ ವಾಸಿ, ಕೂಗಿಯಾದರೂ ಹೇಳುತ್ತದೆ.

ಡಿಸ್ಕ್ ಕಾಣಿಸದೇ ಇರುವ ಇನ್ನೊಂದು ಪ್ರಸಂಗ ಪೆಂಟಿಯಂ 4 ಕಾಲದ ಅಗ್ಗದ ಬೋರ್ಡುಗಳದು. ಅವುಗಳಲ್ಲಿ ಬಹಳ ಕಡೆ ವಿಯಾ ಕಂಪನಿಯ ವಿಟಿ 8237 ಅಥವಾ 8237ಆರ್ ಎಂಬ ಚಿಪ್ಪು ಇರುತ್ತದೆ. ಅದು ಮೊದಲ ಪೀಳಿಗೆಯ ಸಾಟಾ, ಸೆಕೆಂಡಿಗೆ 1.5 ಗಿಗಾಬಿಟ್. ಮುಂದಿನ ಪೀಳಿಗೆಯ 3 ಗಿಗಾಬಿಟ್ ಡಿಸ್ಕ್ ಹಚ್ಚಿದರೆ ಎರಡೂ ವೇಗದ ಬಗ್ಗೆ ಒಪ್ಪಂದಕ್ಕೆ ಬರಬೇಕು, ನಿಯಮ ಹಾಗಿದೆ. ಈ ಚಿಪ್ಪಿಗೆ ಆ ಮಾತುಕತೆ ಬರುವುದಿಲ್ಲ, ಡಿಸ್ಕ್ ಪತ್ತೆಯೇ ಆಗುವುದಿಲ್ಲ. ಬಯಾಸ್ ಎಷ್ಟು ಹೊಸದು ಹಾಕಿದರೂ ಪ್ರಯೋಜನವಿಲ್ಲ. ಮದ್ದು ಡಿಸ್ಕಿನ ಹಿಂಭಾಗದಲ್ಲಿದೆ. ಕೇಬಲ್ ಸಿಕ್ಕಿಸುವ ಜಾಗದ ಪಕ್ಕ ನಾಲ್ಕೋ ಎಂಟೋ ಸಣ್ಣ ಪಿನ್ನುಗಳಿರುತ್ತವೆ. ಡಿಸ್ಕಿನ ಮೇಲೆ ಅಂಟಿಸಿದ ಚೀಟಿಯಲ್ಲಿ 1.5 ಗಿಗಾಬಿಟ್‌ಗೆ ಇಳಿಸಲು ಯಾವ ಎರಡು ಪಿನ್ನಿಗೆ ಜಂಪರ್ ಹಾಕಬೇಕೆಂದು ಚಿತ್ರ ಇರುತ್ತದೆ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಪ್ಲಾಸ್ಟಿಕ್ ತುಂಡು. ಹಾಕಿದ ಕೂಡಲೆ ಡಿಸ್ಕ್ ಕಾಣಿಸುತ್ತದೆ. ಎಸ್‌ಎಸ್‌ಡಿಗಳಲ್ಲಿ ಸಾಮಾನ್ಯವಾಗಿ ಈ ಜಂಪರ್ ಇರುವುದಿಲ್ಲ. ಹಾಗಾಗಿ ಇಂಥ ಬೋರ್ಡಿಗೆ ಎಸ್‌ಎಸ್‌ಡಿ ತರುವ ಮುಂಚೆ ಚಿಪ್ಪಿನ ಹೆಸರು ಓದಿಕೊಳ್ಳಿ.

ತಂತ್ರಾಂಶದಿಂದ ಸರಿಹೋಗದ ದೋಷಗಳೂ ಇವೆ ಅನ್ನುವುದಕ್ಕೆ ಇಂಟೆಲ್‌ನ ಉದಾಹರಣೆ ಇದೆ. 2011ರ ಜನವರಿಯಲ್ಲಿ ಪೇಟೆಗೆ ಬಂದ ಅದರ 6 ಸರಣಿಯ ಚಿಪ್‌ಸೆಟ್‌ನಲ್ಲಿ ನಾಲ್ಕು ಸಾಟಾ ಪೋರ್ಟುಗಳು ದಿನ ಕಳೆದಂತೆ ದುರ್ಬಲವಾಗುವ ದೋಷ ಸಿಕ್ಕಿತು. ತಿಂಗಳ ಕೊನೆಗೆ ಕಂಪನಿ ಸರಬರಾಜು ನಿಲ್ಲಿಸಿತು. ವೆಚ್ಚ ಸುಮಾರು 70 ಕೋಟಿ ಡಾಲರ್ ಎಂದು ಅಂದಾಜು ಹೇಳಿತು. 0 ಮತ್ತು 1 ಸಂಖ್ಯೆಯ ಪೋರ್ಟುಗಳಿಗೆ ತೊಂದರೆ ಇರಲಿಲ್ಲ. ಆ ಮೊದಲ ಬೋರ್ಡು ಯಾರದಾದರೂ ಕೈಗೆ ಬಂದಿದ್ದರೆ ಡಿಸ್ಕಿನ ಕೇಬಲ್ ಆ ಎರಡರಲ್ಲೇ ಇರಲಿ.

ಇಷ್ಟು ಹೊತ್ತು ಬೋರ್ಡಿನ ಫರ್ಮ್‌ವೇರ್ ಬಗ್ಗೆ ಹೇಳಿದೆ. ಡಿಸ್ಕಿನೊಳಗೂ ಒಂದು ಫರ್ಮ್‌ವೇರ್ ಇದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಹಾರ್ಡ್ ಡಿಸ್ಕ್ ತಲೆಕೆಳಗು ಮಾಡಿದರೆ ಕಾಣುವ ಹಸಿರು ಪಟ್ಟಿಯೇ ಒಂದು ಸಣ್ಣ ಕಂಪ್ಯೂಟರು. ಅದರ ತಂತ್ರಾಂಶದಲ್ಲಿ ತಪ್ಪಿದ್ದರೆ ಗಟ್ಟಿಮುಟ್ಟಾದ ಡಿಸ್ಕೂ ಒಂದು ಬೆಳಗ್ಗೆ ಏಳುವುದಿಲ್ಲ.

2009ರ ಜನವರಿಯಲ್ಲಿ ಸೀಗೇಟ್ ಕಂಪನಿಯ ಬರಾಕುಡಾ 7200.11 ಮಾದರಿಯಲ್ಲಿ ಹಾಗೇ ಆಯಿತು. ಯಂತ್ರ ಹಚ್ಚಿದಾಗ ಬಯಾಸಿಗೆ ಡಿಸ್ಕೇ ಕಾಣುತ್ತಿರಲಿಲ್ಲ. ತಟ್ಟೆಗಳು ತಿರುಗುತ್ತಿದ್ದವು, ಕಡತಗಳು ಇದ್ದಲ್ಲೇ ಇದ್ದವು, ಫರ್ಮ್‌ವೇರ್ ಮಾತ್ರ ತನ್ನ ಆಂತರಿಕ ದಾಖಲೆಯ ಲೆಕ್ಕದಲ್ಲಿ ಸಿಕ್ಕಿಬಿದ್ದು ನಿಂತಿತ್ತು. ಕಂಪನಿ ಹೊಸ ಫರ್ಮ್‌ವೇರ್ ಬಿಟ್ಟಿತು. ಮೊದಲು ಬಿಟ್ಟ ಆ ತಿದ್ದುಪಡಿಯೇ ಕೆಲವು 500 ಜಿಬಿ ಡಿಸ್ಕುಗಳನ್ನು ಕೆಲಸಕ್ಕೆ ಬಾರದಂತೆ ಮಾಡಿತು, ಅದನ್ನು ಹಿಂತೆಗೆದು ಮತ್ತೊಂದು ಬಿಡಬೇಕಾಯಿತು. ಫರ್ಮ್‌ವೇರ್ ಹೊಸದಾದಷ್ಟೂ ಒಳ್ಳೆಯದು ಅನ್ನುವವರಿಗೆ ನಾನು ಈ ಕತೆ ಹೇಳುತ್ತೇನೆ.

ಫರ್ಮ್‌ವೇರ್ ಮುಟ್ಟಲೇಬಾರದು ಅನ್ನುವವರಿಗೆ ಬೇರೆ ಎರಡು ಕತೆ. ಕ್ರೂಷಿಯಲ್ ಎಂ4 ಎಂಬ ಎಸ್‌ಎಸ್‌ಡಿ ಒಟ್ಟು 5184 ಗಂಟೆ ಓಡಿದ ಮೇಲೆ ಸುಮ್ಮನಾಗುತ್ತಿತ್ತು. ಮತ್ತೆ ಹಚ್ಚಿದರೆ ಒಂದು ಗಂಟೆ ನಡೆದು ಮತ್ತೆ ಸುಮ್ಮನೆ. 2012ರ ಜನವರಿಯ 0309 ಎಂಬ ಫರ್ಮ್‌ವೇರ್ ಅದನ್ನು ಸರಿಪಡಿಸಿತು. ಇನ್ನೊಂದು ಭಯಂಕರ. 2019ರ ನವೆಂಬರ್‌ನಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ತನ್ನ ಸರ್ವರುಗಳ ಕೆಲವು ಎಸ್‌ಎಸ್‌ಡಿಗಳು 32,768 ಗಂಟೆ ಮುಗಿದ ಕ್ಷಣ ಸಾಯುತ್ತವೆ, ಆಮೇಲೆ ಡಿಸ್ಕೂ ಇಲ್ಲ, ಕಡತವೂ ಇಲ್ಲ ಎಂದು ಎಚ್ಚರಿಸಿತು. ಅಷ್ಟು ಗಂಟೆ ಅಂದರೆ 3 ವರ್ಷ, 270 ದಿನ, 8 ಗಂಟೆ. ಹದಿನೈದು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ ಬರುವ ಸಂಖ್ಯೆ ಅದು. ಲೆಕ್ಕ ಬಲ್ಲವರು ಅದನ್ನು ನೋಡಿದ ಕೂಡಲೆ ಗಂಟೆ ಎಣಿಸುವ ಕಡೆ ಜಾಗ ಸಾಲದಾಯಿತು ಎಂದು ಊಹಿಸುತ್ತಾರೆ. ಒಟ್ಟಿಗೆ ಹಚ್ಚಿದ ನಾಲ್ಕು ಡಿಸ್ಕು ಒಂದೇ ಹೊತ್ತಿಗೆ ಹೋದರೆ ರೇಡ್ ಯಾರನ್ನು ಕಾಪಾಡುತ್ತದೆ?

ಹಾಗಾದರೆ ಏನು ಮಾಡಬೇಕು? ನನ್ನ ರೂಢಿ ಹೀಗಿದೆ. ನಡೆಯುತ್ತಿರುವ ಯಂತ್ರದ ಫರ್ಮ್‌ವೇರನ್ನು ಹೊಸದು ಬಂದಿದೆ ಎಂಬ ಒಂದೇ ಕಾರಣಕ್ಕೆ ಬದಲಿಸುವುದಿಲ್ಲ. ಅದು ಯಾವ ದೋಷವನ್ನು ತಿದ್ದುತ್ತದೆ ಎಂಬ ಟಿಪ್ಪಣಿ ಓದುತ್ತೇನೆ. ಆ ದೋಷ ನನ್ನ ಡಿಸ್ಕಿನ ಮಾದರಿಗೆ ಅನ್ವಯಿಸಿದರೆ ಮಾತ್ರ ಹಾಕುತ್ತೇನೆ, ಅದೂ ಕಡತಗಳನ್ನು ಬೇರೆಡೆ ಇಳಿಸಿಕೊಂಡ ಮೇಲೆ. ನಮ್ಮ ಊರುಗಳಲ್ಲಿ ಇನ್ನೊಂದು ಷರತ್ತು ಸೇರಿಸಬೇಕು: ಯುಪಿಎಸ್ ಇಲ್ಲದೆ ಈ ಕೆಲಸ ಬೇಡ. ಚಿಪ್ಪಿನ ಬರಹ ಅಳಿಸಿ ಹೊಸದು ಬರೆಯುವ ಆ ಒಂದೆರಡು ನಿಮಿಷದಲ್ಲಿ ಕರೆಂಟ್ ಹೋದರೆ ಅರ್ಧ ಬರೆದ ಫರ್ಮ್‌ವೇರ್ ಉಳಿಯುತ್ತದೆ, ಬೋರ್ಡು ಕಲ್ಲಾಗುತ್ತದೆ. ಯುಪಿಎಸ್ ಬ್ಯಾಟರಿ ಹಳೆಯದಾಗಿದ್ದರೆ ಅದನ್ನೂ ನಂಬಬೇಡಿ, ಮೊದಲು ಪ್ಲಗ್ ಕಿತ್ತು ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ.

ಲಿನಕ್ಸ್ ಬಗ್ಗೆ ಎರಡು ಮಾತು. ಸತ್ತಿತು ಎಂದು ಬಂದ ಯಂತ್ರಕ್ಕೆ ನಾನು ಮೊದಲು ಹಚ್ಚುವುದು ಲಿನಕ್ಸ್ ಇರುವ ಪೆನ್ ಡ್ರೈವ್. ಐಡಿಇ, ಎಎಚ್‌ಸಿಐ, ವಿಯಾ, ಸಿಸ್ ಎಲ್ಲಕ್ಕೂ ಡ್ರೈವರುಗಳನ್ನು ಅದು ಜೊತೆಗೇ ಹೊತ್ತು ತರುತ್ತದೆ. ವಿಂಡೋಸಿಗೆ ಕಾಣದ ಡಿಸ್ಕ್ ಅದಕ್ಕೆ ಕಂಡರೆ ಕಡತ ಉಳಿಯಿತು ಎಂದೇ ಲೆಕ್ಕ. ಹಳೆಯ ಐಡಿಇ ಡ್ರೈವರುಗಳ ಪ್ರತ್ಯೇಕ ವಿಭಾಗವನ್ನು 2021ರ 5.14 ಆವೃತ್ತಿಯಲ್ಲಿ ತೆಗೆದರೂ, ಲಿಬ್‌ಎಟಿಎ ಎಂಬ ಹೊಸ ವಿಭಾಗ ಆ ಡಿಸ್ಕುಗಳನ್ನು ಇಂದಿಗೂ ನಡೆಸುತ್ತದೆ. ಅದರೊಳಗೆ ನನಗೆ ಬಹಳ ಇಷ್ಟವಾದ ಒಂದು ಪಟ್ಟಿಯಿದೆ. ಯಾವ ಕಂಪನಿಯ ಯಾವ ಮಾದರಿ, ಯಾವ ಫರ್ಮ್‌ವೇರ್ ಆವೃತ್ತಿ ಯಾವ ಆಜ್ಞೆಗೆ ತಪ್ಪಾಗಿ ನಡೆದುಕೊಳ್ಳುತ್ತದೆ ಎಂದು ಹೆಸರು ಹಿಡಿದು ಬರೆದ ಪಟ್ಟಿ. ಸ್ಯಾಮ್‌ಸಂಗ್ 840, 850 ಮಾದರಿಗಳಿಗೆ ಅಳಿಸಿದ ಜಾಗ ಯಾವುದೆಂದು ತಿಳಿಸುವ ಟ್ರಿಮ್ ಆಜ್ಞೆಯ ಒಂದು ಬಗೆಯನ್ನು ಕೊಡಬೇಡಿ ಎಂದು ಅಲ್ಲಿದೆ. ಡಿಸ್ಕ್ ತಾನು ಸಮರ್ಥ ಎಂದು ಹೇಳಿಕೊಂಡರೂ ಡ್ರೈವರ್ ನಂಬುವುದಿಲ್ಲ. ಸರ್ವರ್ ಕಾರ್ಡುಗಳಲ್ಲೂ ಇಂಥದ್ದೇ ಜಾಗರೂಕತೆ ಇತ್ತು. ಹಳೆಯ ಎಲ್‌ಎಸ್‌ಐ ಕಾರ್ಡಿನ ಫರ್ಮ್‌ವೇರ್ 16, ಡ್ರೈವರ್ 20, ಎರಡೂ ಹೊಂದುತ್ತಿಲ್ಲ ಎಂದು ಫ್ರೀನ್ಯಾಸ್ ಎಂಬ ವ್ಯವಸ್ಥೆ ಪರದೆಯ ಮೇಲೆ ಎಚ್ಚರಿಸುತ್ತಿತ್ತು. ಎಲ್ಲ ತಂತ್ರಾಂಶಗಳೂ ಹೀಗೆ ಬಾಯಿಬಿಟ್ಟು ಹೇಳಿದರೆ ನನ್ನಂಥವರ ಅರ್ಧ ಕೆಲಸ ಹಗುರಾಗುತ್ತಿತ್ತು.

ಡಿಟಿಪಿ ಅಂಗಡಿಯವರು ಕೇಳುವ ಪ್ರಶ್ನೆ: ಎಕ್ಸ್‌ಪಿಯನ್ನು ಇಡಿಯಾಗಿ ಹೊಸ ಯಂತ್ರದೊಳಗೆ ಕೂರಿಸಬಹುದೇ? ಬಹುದು. ಹಳೆಯ ಡಿಸ್ಕಿನ ಪೂರ್ತಿ ಪ್ರತಿ ತೆಗೆದು ವರ್ಚುವಲ್ ಮಷಿನ್ ಒಳಗೆ ಓಡಿಸಬಹುದು. ಅಲ್ಲಿ ಕಲ್ಪಿತ ಕಂಟ್ರೋಲರನ್ನು ಐಡಿಇ ಎಂದೇ ಆರಿಸಬೇಕು, ಇಲ್ಲದಿದ್ದರೆ ಅಲ್ಲೂ 7ಬಿ. ನುಡಿ ಕಡತಗಳು ಹೀಗೆ ಸುಲಭವಾಗಿ ತೆರೆಯುತ್ತವೆ. ಪ್ರಿಂಟರ್ ಪೋರ್ಟಿನ ಡಾಂಗಲ್ ಬೇಕಾದ ತಂತ್ರಾಂಶ ಮಾತ್ರ ಬಹುಮಟ್ಟಿಗೆ ಒಪ್ಪುವುದಿಲ್ಲ. ಅವರು ಹಳೆಯ ಬೋರ್ಡನ್ನು ಧೂಳು ಒರೆಸಿ ಕಾಪಾಡಿಕೊಳ್ಳಬೇಕು, ಕಡತಗಳನ್ನು ಒಂದೊಂದಾಗಿ ಯೂನಿಕೋಡಿಗೆ ತಿರುಗಿಸುತ್ತ ಹೋಗಬೇಕು.

ಈಗ ಇನ್ನೊಂದು ಅಲೆ ಬರುತ್ತಿದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಅರ್ಹವಲ್ಲದ ಕಚೇರಿ ಯಂತ್ರಗಳು ಸೆಕೆಂಡ್ ಹ್ಯಾಂಡ್ ಪೇಟೆಗೆ ಬರುತ್ತವೆ, ಅಲ್ಲಿಂದ ಜತ್ತಿಗೆ, ಚಡಚಣಕ್ಕೆ, ಉಮದಿಗೆ. ಇವುಗಳಲ್ಲಿ ಕೆಲವದರಲ್ಲಿ ಡಿಸ್ಕ್ ಅಂದರೆ ಬಬಲ್‌ಗಮ್ ಪಟ್ಟಿಯಂಥ ಎನ್‌ವಿಎಂಇ ಎಸ್‌ಎಸ್‌ಡಿ. ಅದರ ನಿಯಮಾವಳಿ ಬಂದದ್ದು 2011ರಲ್ಲಿ, ವಿಂಡೋಸ್ 7 ಬಂದದ್ದು 2009ರಲ್ಲಿ. ಹಳೆಯ ತಂತ್ರಾಂಶಕ್ಕಾಗಿ ವಿಂಡೋಸ್ 7 ಹಾಕಿಕೊಡಿ ಎಂದು ಯಾರಾದರೂ ಬಂದರೆ ಅದರ ಡಿವಿಡಿಗೆ ಆ ಡಿಸ್ಕ್ ಕಾಣುವುದಿಲ್ಲ, ಡ್ರೈವರನ್ನು ಬೇರೆಯಾಗಿ ಸೇರಿಸಬೇಕು. ಇಂಟೆಲ್‌ನ 11ನೇ ಪೀಳಿಗೆಯ ಲ್ಯಾಪ್‌ಟಾಪುಗಳಲ್ಲಂತೂ ವಿಂಡೋಸ್ 10, 11 ಹಾಕುವಾಗಲೂ ಡಿಸ್ಕ್ ಪಟ್ಟಿ ಖಾಲಿ ಬರುವುದುಂಟು. ವಿಎಂಡಿ ಎಂಬ ಕಂಟ್ರೋಲರ್ ಮೋಡ್ ಅದಕ್ಕೆ ಕಾರಣ. ಇಂಟೆಲ್‌ನ ಡ್ರೈವರನ್ನು ಪೆನ್ ಡ್ರೈವಿನಲ್ಲಿಟ್ಟು, ಲೋಡ್ ಡ್ರೈವರ್ ಎಂಬ ಗುಂಡಿ ಒತ್ತಿ ತೋರಿಸಬೇಕು. ಫ್ಲಾಪಿ ಹೋಗಿ ಪೆನ್ ಡ್ರೈವ್ ಬಂತು, ಎಫ್6 ಹೋಗಿ ಮೌಸಿನ ಗುಂಡಿ ಬಂತು, ಅಷ್ಟೇ ವ್ಯತ್ಯಾಸ.

ಇಂಥ ಯಂತ್ರ ಕೊಂಡು ತಂದ ದಿನವೇ, ಅದು ಚೆನ್ನಾಗಿ ನಡೆಯುತ್ತಿರುವಾಗಲೇ, ಬಯಾಸ್ ಒಳಗೆ ಹೋಗಿ ಸಾಟಾ ಮೋಡ್ ಇರುವ ಪುಟದ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ. ಒಂದು ಚೀಟಿಯಲ್ಲಿ ಮೋಡ್, ಬಯಾಸ್ ಆವೃತ್ತಿ, ಡಿಸ್ಕಿನ ಮಾದರಿ ಬರೆದು ಕ್ಯಾಬಿನೆಟ್ಟಿನ ಒಳಬದಿಗೆ ಅಂಟಿಸಿ. ಬ್ಯಾಟರಿ ಬದಲಿಸಿದ ತಾರೀಖೂ ಅದರಲ್ಲೇ ಇರಲಿ. ಶಾಲೆಯವರು ರಜೆಗೆ ಬೀಗ ಹಾಕುವ ಮುಂಚೆ ಕಡತಗಳ ಒಂದು ಪ್ರತಿಯನ್ನು ಹೊರಗಿನ ಡಿಸ್ಕಿಗೆ ಇಳಿಸಿ ಕಪಾಟಿನಲ್ಲಿಡಿ. ಜೂನ್‌ನಲ್ಲಿ ನೀಲಿ ಪರದೆ ಬಂದರೆ ರಿಪೇರಿಯವರಿಗೆ ಮೊದಲು ಆ ಚೀಟಿ ತೋರಿಸಿ.